ಇಎಸ್‌ಜಿ ಫಂಡ್ ತಗೋಬಹುದಾ? ಒಬ್ಬ ಕಾಮರ್ಸ್ ಮೇಷ್ಟ್ರ ರಿವ್ಯೂ

ಇಎಸ್‌ಜಿ ಅಂದರೆ ಪರಿಸರ, ಸಮಾಜ, ಆಡಳಿತ; ಈ ಮೂರರಲ್ಲಿ ಕಂಪನಿಗೆ ಎಷ್ಟು ಅಂಕ ಅಂತ ನೋಡಿ ಷೇರು ಆರಿಸುವ ಮ್ಯೂಚುವಲ್ ಫಂಡ್ ಇದು. ನನ್ನದು ದೊಡ್ಡ ಫಂಡ್ ಹೌಸೊಂದರ ಇಎಸ್‌ಜಿ ಈಕ್ವಿಟಿ ಸ್ಕೀಮ್, ಡೈರೆಕ್ಟ್ (ಏಜೆಂಟ್ ಇಲ್ಲದ) ಪ್ಲಾನ್, ತಿಂಗಳಿಗೆ 2,000 ರೂಪಾಯಿ ಕಂತಿನ ಎಸ್‌ಐಪಿ. ಹೆಸರು ಬೇಡ, ಈ ಜಾತಿಯ ಬಹುಪಾಲು ಫಂಡುಗಳ ಕಥೆ ಇದೇ.

ಫಂಡಿನ ಷೇರುಗಳ ಪಟ್ಟಿ ಇರುವ ಫ್ಯಾಕ್ಟ್‌ಶೀಟ್ ತೆರೆದರೆ ಮೇಲೆಯೇ ಎಚ್‌ಡಿಎಫ್‌ಸಿ ಬ್ಯಾಂಕ್, ಐಸಿಐಸಿಐ ಬ್ಯಾಂಕ್, ಇನ್ಫೋಸಿಸ್. ನಿಫ್ಟಿ ಸೂಚ್ಯಂಕವನ್ನು ಹಾಗೇ ನಕಲು ಮಾಡುವ ನನ್ನ ಇಂಡೆಕ್ಸ್ ಫಂಡಿನಲ್ಲೂ ಇವರೇ ಯಜಮಾನರು. ಬ್ಯಾಂಕಿಗೂ ಸಾಫ್ಟ್‌ವೇರ್ ಕಂಪನಿಗೂ ಹೊಗೆ ಚಿಮಣಿ ಇಲ್ಲವಲ್ಲ, ಅಂಕ ಸಲೀಸಾಗಿ ಬೀಳುತ್ತದೆ. (ಬ್ಯಾಂಕಿನ ಸಾಲ ಯಾರ ಚಿಮಣಿಗೆ ಹೋಯಿತು ಅನ್ನುವುದು ಬೇರೆ ಮಾತು.) ಖರ್ಚಿನ ಅನುಪಾತ (ಫಂಡ್ ವರ್ಷಕ್ಕೆ ನಮ್ಮ ದುಡ್ಡಿನಲ್ಲಿ ಕತ್ತರಿಸಿಕೊಳ್ಳುವ ಪಾಲು) ಮಾತ್ರ ಇಂಡೆಕ್ಸ್ ಫಂಡಿನ ಹಲವು ಪಟ್ಟು.

ಆ ಹೆಚ್ಚುವರಿ ದುಡ್ಡು ಯಾವುದಕ್ಕೆ? ಬ್ರೋಷರ್ ಹೇಳುವುದು ರೇಟಿಂಗಿಗೆ ಅಂತ. ಬರ್ಗ್, ಕೋಲ್ಬೆಲ್, ರಿಗೋಬಾನ್ ಮೂವರೂ 2022ರಲ್ಲಿ ಪ್ರಕಟಿಸಿದ ಸಂಶೋಧನೆ ನೋಡಿ: ಆರು ರೇಟಿಂಗ್ ಸಂಸ್ಥೆಗಳ ಇಎಸ್‌ಜಿ ಅಂಕಗಳನ್ನು ಹೋಲಿಸಿದರೆ ಸರಾಸರಿ ಕೋರಿಲೇಷನ್ (ಅಂಕಗಳು ಪೂರ್ತಿ ತಾಳೆಯಾದರೆ 1) ಬರೀ 0.54. ಸಾಲದ ರೇಟಿಂಗುಗಳಲ್ಲಿ ಅದು 0.9ರ ಮೇಲಿರುತ್ತದೆ. ಭಿನ್ನಾಭಿಪ್ರಾಯದ 56 ಪರ್ಸೆಂಟ್ ಬರುವುದು ಒಂದೇ ಗುಣವನ್ನು ಒಬ್ಬೊಬ್ಬರು ಒಂದೊಂದು ರೀತಿ ಅಳೆಯುವುದರಿಂದ. ನಮ್ಮಲ್ಲೇ ಉದಾಹರಣೆ ಬೇಕೆಂದರೆ ಐಟಿಸಿ: ಸಿಗರೇಟಿನ ಕಂಪನಿಗೆ ರೇಟಿಂಗ್ ಸಂಸ್ಥೆ ಎಂಎಸ್‌ಸಿಐ ‘ಎಎ’ ಎಂಬ ಮೇಲ್ದರ್ಜೆ ಕೊಟ್ಟಿತ್ತು, ನಿಫ್ಟಿ 100 ಇಎಸ್‌ಜಿ ಸೂಚ್ಯಂಕದ ನಿಯಮ ತಂಬಾಕಿನವರನ್ನು ಒಳಗೇ ಬಿಡುವುದಿಲ್ಲ. ಹಾಗಾಗಿ ಬರೀ ರೇಟಿಂಗಿಗಾಗಿ ನಾನಂತೂ ದುಡ್ಡು ಕೊಡೆ.

ಹಳೆಯ ರಿಟರ್ನ್ಸ್ ಟೇಬಲ್ಲಿಗೂ ಮರುಳಾಗಬೇಡಿ. ಪಾಸ್ತರ್, ಸ್ಟಾಂಬೋ, ಟೇಲರ್ ಅವರ 2022ರ ಅಧ್ಯಯನದ ಪ್ರಕಾರ ಅಮೆರಿಕದಲ್ಲಿ ಹಸಿರು ಷೇರುಗಳು ಚೆನ್ನಾಗಿ ಓಡಿದ್ದಕ್ಕೆ ಕಾರಣ ಹವಾಮಾನದ ಕಾಳಜಿ ನಿರೀಕ್ಷೆಗೂ ಮೀರಿ ಏರಿದ್ದು. ಮುಂದೆಯೂ ಹಾಗೇ ಓಡುತ್ತವೆ ಎಂಬ ತೀರ್ಮಾನ ಅದರಿಂದ ಹೊರಡುವುದಿಲ್ಲ.

ಹಾಗಿದ್ದೂ ಎಸ್‌ಐಪಿ ನಿಲ್ಲಿಸಿಲ್ಲ. ಅದೇ ಕೋಲ್ಬೆಲ್ ಮತ್ತು ಜೊತೆಗಾರರು 2020ರಲ್ಲಿ ಹಿಂದಿನ ಸಂಶೋಧನೆಗಳನ್ನೆಲ್ಲ ಜಾಲಾಡಿದ್ದಾರೆ. ಹೂಡಿಕೆದಾರ ನಿಜವಾಗಿ ಕಂಪನಿಯನ್ನು ಬದಲಿಸುತ್ತಾನೆ ಎಂಬುದಕ್ಕೆ ಒಳ್ಳೆಯ ಪುರಾವೆ ಸಿಗುವುದು ಷೇರು ಮಾರಿ ಹೊರನಡೆದಾಗ ಅಲ್ಲ, ಷೇರುದಾರನಾಗಿ ಒಳಗಿದ್ದು ಆಡಳಿತ ಮಂಡಳಿಯ ಬೆನ್ನು ಬಿದ್ದಾಗ. ಷೇರುಪೇಟೆ ನಿಯಂತ್ರಕ ಸೆಬಿಯ 2023ರ ಜುಲೈ ಸುತ್ತೋಲೆ ಇಲ್ಲಿ ಕೆಲಸಕ್ಕೆ ಬರುತ್ತದೆ: ಇಎಸ್‌ಜಿ ಸ್ಕೀಮುಗಳು ಕಂಪನಿಗಳ ನಿರ್ಣಯಗಳಿಗೆ ಷೇರುದಾರರಾಗಿ ತಾವು ಹಾಕಿದ ಮತಕ್ಕೆ ಕಾರಣ ಬರೆಯಬೇಕು, ಪರಿಸರವೋ ಸಮಾಜವೋ ಆಡಳಿತವೋ ಹೇಳಬೇಕು.

ನನ್ನ ಫಂಡ್ ಹಾಕಿದ ಮತಗಳ ಎಕ್ಸೆಲ್ ಶೀಟ್ ಓದಿದೆ. ನಿರ್ದೇಶಕರ ನೇಮಕ, ಆಡಿಟರ್, ಸಂಬಳ, ಎಸಾಪ್ (ನೌಕರರಿಗೆ ಕೊಡುವ ಷೇರು). ಬಹುತೇಕ ‘ಪರ’. ಕಾರಣದ ಕಾಲಮ್ಮಿನಲ್ಲಿ ಒಂದೇ ವಾಕ್ಯದ ಕಾಪಿ-ಪೇಸ್ಟ್. ಆದರೂ ಸಭೆಗೇ ಬಾರದ ನಿರ್ದೇಶಕರೊಬ್ಬರ ಮರುನೇಮಕಕ್ಕೆ ‘ವಿರುದ್ಧ’ ಹಾಕಿ, ಹಾಜರಾತಿ ಉಲ್ಲೇಖಿಸಿ ಬರೆದಿದ್ದರು. ನಮ್ಮ ಕಾಲೇಜಿನಲ್ಲೂ ಅಷ್ಟು ಕಟ್ಟುನಿಟ್ಟಿಲ್ಲ. ಪರಿಸರದ ಕಾರಣಕ್ಕೆ ಬಿದ್ದ ವಿರೋಧದ ಮತ ಒಂದೂ ಕಣ್ಣಿಗೆ ಬೀಳಲಿಲ್ಲ.

ಐದಕ್ಕೆ ಎರಡೂವರೆ. ಅರ್ಧ ಅಂಕ ಆ ಹಾಜರಾತಿಗೆ. ಕೊಳ್ಳುವ ಮುನ್ನ ಫಂಡಿನ ವೆಬ್‌ಸೈಟಿನಲ್ಲಿ ವೋಟಿಂಗ್ ಫೈಲ್ ಇಳಿಸಿಕೊಂಡು ‘ವಿರುದ್ಧ’ ಅಂತ ಫಿಲ್ಟರ್ ಹಾಕಿ. ಏನೂ ಬರದಿದ್ದರೆ ಕಡಿಮೆ ಖರ್ಚಿನ ಇಂಡೆಕ್ಸ್ ಫಂಡೇ ಸಾಕು.