ಡಿಎಂಆರ್ ಹಾಟ್‌ಸ್ಪಾಟ್ ಕೊಳ್ಳುವವರೇ ಎಚ್ಚರ: ‘ಮ್ಯಾಚ್ ಮಾಡಿ ಕೊಡ್ತೀವಿ’ ಅಂದರೆ ರೇಡಿಯೋ ಕೊಡಬೇಡಿ

ಹ್ಯಾಮ್ (ಹವ್ಯಾಸಿ ರೇಡಿಯೋ) ಗೆಳೆಯರೇ, ಅದರಲ್ಲೂ ಈಗಷ್ಟೇ ಪರೀಕ್ಷೆ ಪಾಸಾಗಿ ವಿಯು3 ಅಂತ ಶುರುವಾಗುವ ಕಾಲ್‌ಸೈನ್ (ರೇಡಿಯೋದಲ್ಲಿ ನಮ್ಮನ್ನು ಗುರುತಿಸುವ ಹೆಸರು) ಪಡೆದು ಮೊದಲ ಡಿಎಂಆರ್ (ಡಿಜಿಟಲ್ ಮೊಬೈಲ್ ರೇಡಿಯೋ) ಸೆಟ್ ಕೊಳ್ಳಲು ಹೊರಟಿರುವವರೇ, ದಯವಿಟ್ಟು ಇದನ್ನು ಪೂರ್ತಿ ಓದಿ. ಹಾಟ್‌ಸ್ಪಾಟ್‌ನ ಫ್ರೀಕ್ವೆನ್ಸಿ ಸ್ವಲ್ಪ ಆಚೀಚೆ ಇದ್ದರೆ ಸರಿಮಾಡಬೇಕಾದ್ದು ಹಾಟ್‌ಸ್ಪಾಟನ್ನು. ಅದಕ್ಕೆ ಸರಿಹೊಂದಲಿ ಅಂತ ರೇಡಿಯೋದ ಒಳಗೆ ಕೈಹಾಕಲು ಯಾರಿಗೂ ಬಿಡಬೇಡಿ. ನನಗೆ ಹಾಟ್‌ಸ್ಪಾಟ್ ಮಾರಿದವರು ಅದನ್ನೇ ಮಾಡಿದರು. ಚೆನ್ನಾಗಿದ್ದ ರೇಡಿಯೋ ಹಾಳಾಯಿತು, ಮೇಲೆ ಅದಕ್ಕೆ ದುಡ್ಡೂ ತೆಗೆದುಕೊಂಡರು. ಅವರ ಹೆಸರು ಇಲ್ಲಿ ಹಾಕುವುದಿಲ್ಲ. ಏನು ನಡೆಯಿತು, ಕೊಳ್ಳುವಾಗ ನೀವು ಏನು ನೋಡಬೇಕು, ಕ್ಯಾಲಿಬ್ರೇಷನ್, ಅಂದರೆ ಅಳೆದು ಸರಿಹೊಂದಿಸುವ ಕೆಲಸ, ಮನೆಯಲ್ಲೇ ಹೇಗೆ ಮಾಡಬಹುದು ಅನ್ನೋದನ್ನು ಹೇಳುತ್ತೇನೆ.

ನಮ್ಮ ಮನೆ ಆಲ್ದೂರಿನಿಂದ ಒಳಗೆ, ತೋಟದ ತಗ್ಗಿನಲ್ಲಿದೆ. ಸುತ್ತಲೂ ಗುಡ್ಡ, ಮೇಲೆ ಸಿಲ್ವರ್ ಓಕ್ ಮರಗಳು. ಚಿಕ್ಕಮಗಳೂರು ಅಂದರೆ ಮುಳ್ಳಯ್ಯನಗಿರಿ, ಎತ್ತರದ ಜಾಗ, ರೇಡಿಯೋಗೆ ಸ್ವರ್ಗ ಅಂದುಕೊಳ್ಳುತ್ತಾರೆ. ಬೆಟ್ಟದ ಮೇಲೆ ನಿಂತರೆ ಸ್ವರ್ಗವೇ. ಕೆಳಗಿನ ಕಣಿವೆಯಲ್ಲಿ ಹ್ಯಾಂಡ್‌ಸೆಟ್ ಹಿಡಿದರೆ ಪಕ್ಕದ ತೋಟ ದಾಟುವುದೂ ಕಷ್ಟ. ಮನೆಗೆ ಬ್ರಾಡ್‌ಬ್ಯಾಂಡ್ ಬಂದ ಮೇಲೆ ಹಾಟ್‌ಸ್ಪಾಟ್ ಹಾಕಿಕೊಳ್ಳೋಣ ಅನ್ನಿಸಿತು. ಗೊತ್ತಿಲ್ಲದವರಿಗೆ ಒಂದು ಮಾತು: ಇದು ಫೋನಿನ ವೈಫೈ ಹಾಟ್‌ಸ್ಪಾಟ್ ಅಲ್ಲ. ರಾಸ್ಪ್‌ಬೆರಿ ಪೈ ಅನ್ನುವ ಸಣ್ಣ ಕಂಪ್ಯೂಟರ್ ಮೇಲೆ ಕೂರುವ ಒಂದು ಪುಟ್ಟ ರೇಡಿಯೋ ಬೋರ್ಡ್. ಹ್ಯಾಂಡ್‌ಸೆಟ್‌ನಿಂದ ಬಂದ ಡಿಜಿಟಲ್ ದನಿಯನ್ನು ಇಂಟರ್ನೆಟ್ ಮೂಲಕ ಬ್ರ್ಯಾಂಡ್‌ಮೈಸ್ಟರ್‌ನಂಥ ನೆಟ್‌ವರ್ಕ್‌ಗೆ ದಾಟಿಸುತ್ತದೆ. ಪವರ್ ಸುಮಾರು 10 ಮಿಲಿವ್ಯಾಟ್. ಮನೆ, ಅಂಗಳ ಅಷ್ಟಕ್ಕೆ ಸಾಕು.

ಆನ್‌ಲೈನ್‌ನಲ್ಲಿ ಸಿಕ್ಕ ಮಾರಾಟಗಾರರು ‘ಕ್ಯಾಲಿಬ್ರೇಟ್ ಮಾಡಿ, ಟೆಸ್ಟ್ ಮಾಡಿ ಕಳಿಸುತ್ತೇವೆ, ಆನ್ ಮಾಡಿ ಮಾತಾಡಿ’ ಅಂತ ಬರೆದಿದ್ದರು. ಬರೀ ಬೋರ್ಡಿಗಿಂತ ಬೆಲೆ ಜಾಸ್ತಿಯೇ ಇತ್ತು. ಪೆಟ್ಟಿಗೆ ಬಂತು. ಅಡಿಯಲ್ಲಿ ‘ಟೆಸ್ಟೆಡ್ ಓಕೆ’ ಅನ್ನುವ ಚೀಟಿ. ಪೈ-ಸ್ಟಾರ್ (ಹಾಟ್‌ಸ್ಪಾಟ್ ನಡೆಸುವ ಸಾಫ್ಟ್‌ವೇರ್) ತೆರೆದು ನೋಡಿದರೆ ಫ್ರೀಕ್ವೆನ್ಸಿ 438.800 ಮೆಗಾಹರ್ಟ್ಸ್ ಅಂತಿತ್ತು. ನಮ್ಮ ದೇಶದಲ್ಲಿ 70 ಸೆಂಟಿಮೀಟರ್ ಬ್ಯಾಂಡ್ ಹ್ಯಾಮ್‌ಗಳಿಗೆ ಸಿಕ್ಕಿರುವುದು 434ರಿಂದ 438ರವರೆಗೆ ಮಾತ್ರ. ಅಂದರೆ ಕಳಿಸಿದ ಹಾಗೆಯೇ ಆನ್ ಮಾಡಿ ಮಾತಾಡಿದ್ದರೆ ನನ್ನ ಕಾಲ್‌ಸೈನ್, ನನ್ನ ಡಿಎಂಆರ್ ಐಡಿ (ನೆಟ್‌ವರ್ಕ್‌ನಲ್ಲಿ ನನ್ನನ್ನು ಗುರುತಿಸುವ ಸಂಖ್ಯೆ) ಹೊತ್ತುಕೊಂಡೇ ಬ್ಯಾಂಡಿನ ಹೊರಗೆ ಟ್ರಾನ್ಸ್‌ಮಿಟ್ ಆಗುತ್ತಿತ್ತು. ಪವರ್ ಕಡಿಮೆ ಅಂತ ಇದನ್ನು ಹಗುರವಾಗಿ ತೆಗೆದುಕೊಳ್ಳುವವರಿದ್ದಾರೆ. ಲೈಸೆನ್ಸ್ ನಮ್ಮದು, ಜವಾಬ್ದಾರಿಯೂ ನಮ್ಮದೇ ಅಲ್ವಾ?

ಇದರ ಜೊತೆಗೆ ಇನ್ನೊಂದು ತಿಳಿದಿರಲಿ. 435ರಿಂದ 438ರವರೆಗಿನ ಜಾಗ ಹ್ಯಾಮ್ ಉಪಗ್ರಹಗಳಿಗೆ ಮೀಸಲು. ಅಲ್ಲಿ ಹಾಟ್‌ಸ್ಪಾಟ್ ಹಾಕಬಾರದು. ಎಂಎಂಡಿವಿಎಂ (ಇಂಥ ಬೋರ್ಡ್‌ಗಳ ಒಂದು ಬಗೆ) ಹಾಟ್‌ಸ್ಪಾಟ್‌ನ ಸಾಮಾನ್ಯ ಫರ್ಮ್‌ವೇರ್, ಅಂದರೆ ಬೋರ್ಡ್‌ನೊಳಗಿನ ಸಾಫ್ಟ್‌ವೇರ್, ಆ ಭಾಗವನ್ನು ತಾನೇ ತಡೆಯುತ್ತದೆ. ಅಲ್ಲಿಗೆ ಸೆಟ್ ಮಾಡಿದರೆ ಬೋರ್ಡ್ ಕೆಲಸವೇ ಮಾಡುವುದಿಲ್ಲ, ಜನ ಬೋರ್ಡ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಹೀಗಾಗಿ ನಮಗೆ ಉಳಿಯುವುದು 434ರಿಂದ 435ರವರೆಗಿನ ಒಂದೇ ಮೆಗಾಹರ್ಟ್ಸ್. ನಾನು 434.500ಕ್ಕೆ ಬದಲಾಯಿಸಿಕೊಂಡೆ.

ತೊಂದರೆ ಶುರುವಾದದ್ದು ಆಮೇಲೆ. ಪ್ಯಾರಟ್‌ಗೆ, ಅಂದರೆ ನಾವು ಆಡಿದ್ದನ್ನೇ ವಾಪಸ್ ಕೇಳಿಸುವ 9990 ಸಂಖ್ಯೆಗೆ, ಕರೆ ಮಾಡಿ ಮಾತಾಡಿದರೆ ನನ್ನದೇ ದನಿ ತುಂಡುತುಂಡಾಗಿ ವಾಪಸ್ ಬರುತ್ತಿತ್ತು. ಕೆಲವು ಸಲ ಗೊರಗೊರ ಅನ್ನುವ ರೋಬೋಟ್ ದನಿ. ಡ್ಯಾಶ್‌ಬೋರ್ಡ್‌ನಲ್ಲಿ ಬಿಇಆರ್ ಅಂತ ಒಂದು ಕಾಲಂ ಇರುತ್ತದೆ, ಬಿಟ್‌ಗಳು ಎಷ್ಟು ಪಾಲು ತಪ್ಪಾಗಿ ಬಂದವು ಅನ್ನುವ ಲೆಕ್ಕ. ಚೆನ್ನಾಗಿರುವ ಹಾಟ್‌ಸ್ಪಾಟ್‌ನಲ್ಲಿ ಅದು ಶೇ. 1ರ ಒಳಗಿರಬೇಕು. ನನ್ನದು ಶೇ. 5, 6, ಒಮ್ಮೊಮ್ಮೆ 7 ತೋರಿಸುತ್ತಿತ್ತು.

ಮಾರಿದವರಿಗೆ ಫೋನ್ ಮಾಡಿದೆ. ‘ಸರ್, ನಮ್ಮ ಬೋರ್ಡ್ ಪರ್ಫೆಕ್ಟ್ ಇದೆ, ನಿಮ್ಮ ರೇಡಿಯೋನೇ ಡ್ರಿಫ್ಟ್ ಆಗಿದೆ. ಎರಡನ್ನೂ ಕಳಿಸಿ, ಮ್ಯಾಚ್ ಮಾಡಿ ಕೊಡ್ತೀವಿ’ ಅಂದರು. ಅದಕ್ಕೆ ಬೇರೆ ಚಾರ್ಜು. ಕೊರಿಯರ್ ಖರ್ಚೂ ನನ್ನದೇ. ವಾಪಸ್ ಬಂದಾಗ ಬಿಇಆರ್ ನಿಜವಾಗಿಯೂ ಇಳಿದಿತ್ತು. ದನಿ ಸ್ಪಷ್ಟ. ಕೆಲಸ ಚೆನ್ನಾಗಿ ಮಾಡಿದ್ದಾರೆ ಅಂತಲೇ ಕಂಡಿತು.

ಹಾಸನದ ಸಾಲಗಾಮೆ ರಸ್ತೆಯಲ್ಲಿರುವ ಗೆಳೆಯರೊಬ್ಬರ ಮನೆಗೆ ಹೋದಾಗ ಬಣ್ಣ ಬಯಲಾಯಿತು. ಅವರ ಮನೆಯಲ್ಲಿ ಹಾಟ್‌ಸ್ಪಾಟ್ ಬಹಳ ಕಾಲದಿಂದ ತೊಂದರೆಯಿಲ್ಲದೆ ಓಡುತ್ತಿದೆ. ನನ್ನ ರೇಡಿಯೋದಲ್ಲಿ ಅವರ ಚಾನೆಲ್ ಹಾಕಿ ಪಿಟಿಟಿ (ಮಾತಾಡಲು ಒತ್ತುವ ಗುಂಡಿ) ಒತ್ತಿದೆ. ಮತ್ತೆ ಅದೇ ಹರಿದ ದನಿ, ಶೇ. 6ರ ಹತ್ತಿರ ಬಿಇಆರ್. ಅವರ ರೇಡಿಯೋದಲ್ಲಿ ಅದೇ ಹಾಟ್‌ಸ್ಪಾಟ್ ಸೊಗಸಾಗಿ ಕೆಲಸ ಮಾಡಿತು. ‘ಸರ್, ನಿಮ್ಮ ಪೆಟ್ಟಿಗೆನೂ ತಂದಿದ್ದೀರಲ್ಲ, ಅದನ್ನೂ ಹಚ್ಚಿ’ ಅಂದರು. ಅವರ ರೇಡಿಯೋ ನನ್ನ ಹಾಟ್‌ಸ್ಪಾಟ್‌ಗೆ ಮಾತಾಡಿದರೆ ಕೆಟ್ಟದಾಗಿತ್ತು. ನನ್ನ ರೇಡಿಯೋ ನನ್ನ ಹಾಟ್‌ಸ್ಪಾಟ್‌ಗೆ ಮಾತಾಡಿದರೆ ಮಾತ್ರ ಚೆನ್ನ. ಅವರು ಇನ್ನೊಂದು ರೇಡಿಯೋ ತಂದು ನೋಡಿದರು. ಅದೂ ಅವರ ಹಾಟ್‌ಸ್ಪಾಟ್‌ಗೆ ಸರಿಯಾಗಿತ್ತು, ನನ್ನದಕ್ಕೆ ಸರಿಯಿರಲಿಲ್ಲ.

ನಡೆದದ್ದು ಇಷ್ಟೇ. ಬೋರ್ಡ್ ಮೊದಲಿನಿಂದಲೂ ಪಕ್ಕಕ್ಕೆ ಸರಿದಿತ್ತು. ಅದನ್ನು ಸರಿಮಾಡುವ ಬದಲು ನನ್ನ ರೇಡಿಯೋದ ಮೂಲ ರೆಫರೆನ್ಸನ್ನೇ, ಅಂದರೆ ಅದರ ಎಲ್ಲ ಫ್ರೀಕ್ವೆನ್ಸಿಗೂ ಆಧಾರವಾದ ಅಳತೆಯನ್ನೇ, ಅಷ್ಟು ಸರಿಸಿಬಿಟ್ಟಿದ್ದರು. ಕಾಫಿ ಕೊಳ್ಳುವವನು ತನ್ನ ಸುಳ್ಳು ತಕ್ಕಡಿಗೆ ತಾಳೆಯಾಗಲಿ ಅಂತ ನಮ್ಮ ಮನೆಯ ಸರಿಯಾದ ತಕ್ಕಡಿಯನ್ನು ತಿದ್ದಿ ಹೋದ ಹಾಗೆ. ಆ ಒಂದು ಹಾಟ್‌ಸ್ಪಾಟ್ ಬಿಟ್ಟು ಜಗತ್ತಿನ ಬೇರೆ ಯಾವುದರ ಜೊತೆಗೂ ನನ್ನ ರೇಡಿಯೋ ಸರಿಯಾಗಿ ಮಾತಾಡುತ್ತಿರಲಿಲ್ಲ. ಅನಲಾಗ್ ಎಫ್‌ಎಂನಲ್ಲಿ ಇದು ಗೊತ್ತೇ ಆಗುವುದಿಲ್ಲ. ಕೆಲವು ನೂರು ಹರ್ಟ್ಸ್ ಆಚೀಚೆ ಆದರೂ ಎಫ್‌ಎಂ ದನಿ ಹಾಗೇ ಕೇಳುತ್ತದೆ. ಅದಕ್ಕೇ ಇದು ಇಷ್ಟು ದಿನ ಮುಚ್ಚಿಹೋಗಿತ್ತು.

ಡಿಎಂಆರ್ ಯಾಕೆ ಇಷ್ಟು ಸೂಕ್ಷ್ಮ ಅಂದರೆ, ಅದು ಮಾಹಿತಿ ಕಳಿಸುವುದು ನಾಲ್ಕು ಮೆಟ್ಟಿಲುಗಳಲ್ಲಿ. ನಡುವಿನ ಫ್ರೀಕ್ವೆನ್ಸಿಯಿಂದ ಮೇಲೆ 648 ಮತ್ತು 1944 ಹರ್ಟ್ಸ್, ಕೆಳಗೂ ಅಷ್ಟೇ. ಒಂದು ಮೆಟ್ಟಿಲಿಗೂ ಇನ್ನೊಂದಕ್ಕೂ ನಡುವೆ 1296 ಹರ್ಟ್ಸ್. ಅದರ ಅರ್ಧ, ಅಂದರೆ 648 ಹರ್ಟ್ಸ್ ಸರಿದರೆ ಇದು ಯಾವ ಮೆಟ್ಟಿಲು ಅಂತ ರಿಸೀವರ್‌ಗೆ ಹೇಳುವುದೇ ಕಷ್ಟ. ನನ್ನ ಬೋರ್ಡ್ ಸರಿದಿದ್ದದ್ದು ಸುಮಾರು 450 ಹರ್ಟ್ಸ್. 434 ಮೆಗಾಹರ್ಟ್ಸ್‌ನಲ್ಲಿ ಇದು 1 ಪಿಪಿಎಂ ಲೆಕ್ಕ, ಅಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು. ಅಗ್ಗದ ಬೋರ್ಡ್‌ನ ಟಿಸಿಎಕ್ಸ್‌ಒಗೆ, ಅಂದರೆ ಅದರ ಫ್ರೀಕ್ವೆನ್ಸಿಗೆ ಆಧಾರವಾದ ಹರಳಿನ ಭಾಗಕ್ಕೆ, ಇಷ್ಟು ವ್ಯತ್ಯಾಸ ಮಾಮೂಲಿ. ಅದು ದೋಷವೇ ಅಲ್ಲ. ಸಾಫ್ಟ್‌ವೇರ್‌ನಲ್ಲಿ ಒಂದು ಸಂಖ್ಯೆ ತುಂಬಿದರೆ ಮುಗಿಯಿತು. ನನಗೆ ಸಿಟ್ಟು ಬಂದದ್ದು ಇದಕ್ಕೇ. ಪುಕ್ಕಟೆ ಆಗುವ ಕೆಲಸಕ್ಕೆ ಒಳ್ಳೆಯ ರೇಡಿಯೋವನ್ನು ಬಿಚ್ಚಿದರು, ಹಳೆಯ ಅಲೈನ್‌ಮೆಂಟ್ (ಒಳಗಿನ ಹೊಂದಾಣಿಕೆ) ಸಂಖ್ಯೆ ಎಷ್ಟಿತ್ತು ಅಂತ ಬರೆದಿಟ್ಟುಕೊಳ್ಳಲೂ ಇಲ್ಲ.

ಹಾಸನದ ಗೆಳೆಯರು ಅಲ್ಲೇ ಕುಳಿತು ಮಾಡಿ ತೋರಿಸಿದ್ದನ್ನು ಬರೆಯುತ್ತೇನೆ. ಮೊದಲು ಬೋರ್ಡ್ ಮೇಲಿನ ಟಿಸಿಎಕ್ಸ್‌ಒ ನೋಡಿ. ಚಿಕ್ಕ ಲೋಹದ ಡಬ್ಬಿ, ಮೇಲೆ ಸಣ್ಣಗೆ 14.7456 ಅಥವಾ 12.288 ಅಂತ ಕೊರೆದಿರುತ್ತದೆ. ಓದಲು ಆಗದಿದ್ದರೆ ಮೊಬೈಲ್‌ನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ. ಫರ್ಮ್‌ವೇರ್ ಕೂಡ ಅದೇ ಸಂಖ್ಯೆಯದ್ದಾಗಿರಬೇಕು, ಅದು ಫರ್ಮ್‌ವೇರ್‌ನ ಹೆಸರಿನ ಸಾಲಿನಲ್ಲೇ ಬರೆದಿರುತ್ತದೆ. 12.288ರ ಬೋರ್ಡ್‌ಗೆ 14.7456ರ ಫರ್ಮ್‌ವೇರ್ ಹಾಕಿದರೆ 434.5ಕ್ಕೆ ಸೆಟ್ ಮಾಡಿದ್ದು ಲೆಕ್ಕದ ಪ್ರಕಾರ 362ರ ಹತ್ತಿರ ಬೀಳುತ್ತದೆ. ಎಷ್ಟು ತಿದ್ದಿದರೂ ಅದು ಆಫ್‌ಸೆಟ್‌ನಲ್ಲಿ (ಸಾಫ್ಟ್‌ವೇರ್‌ನಲ್ಲಿ ತುಂಬುವ ತಿದ್ದುಪಡಿ ಸಂಖ್ಯೆಯಲ್ಲಿ) ಸರಿಹೋಗುವುದಿಲ್ಲ, ಸುಮ್ನೆ ತಲೆನೋವು.

ಆಮೇಲೆ ಹಾಟ್‌ಸ್ಪಾಟ್ ಮತ್ತು ರೇಡಿಯೋ ಎರಡನ್ನೂ ಆನ್ ಮಾಡಿ ಸ್ವಲ್ಪ ಹೊತ್ತು ಬಿಡಿ. ನಮ್ಮ ಕಡೆ ಡಿಸೆಂಬರ್ ಬೆಳಿಗ್ಗೆಯ ಚಳಿಯಲ್ಲಿ ಆನ್ ಮಾಡಿದ ಕೂಡಲೇ ಅಳೆದರೆ ಒಂದು ಲೆಕ್ಕ ಬರುತ್ತದೆ, ಮುಚ್ಚಿದ ಡಬ್ಬಿಯಲ್ಲಿ ಪೈ ಬಿಸಿಯಾದ ಮೇಲೆ ಇನ್ನೊಂದು. ದಿನಾ ಹೇಗೆ ಇಟ್ಟು ಬಳಸುತ್ತೀರೋ ಹಾಗೇ ಇಟ್ಟು ಅಳೆಯಿರಿ. ಆಂಟೆನಾ ಹಾಕದೆ ಆನ್ ಮಾಡಬೇಡಿ. ರೇಡಿಯೋವನ್ನು ಲೋ ಪವರ್‌ಗೆ ಇಟ್ಟು, ಹಾಟ್‌ಸ್ಪಾಟ್‌ನಿಂದ ಕೆಲವು ಮೀಟರ್ ದೂರ ಹೋಗಿ. ಮೇಜಿನ ಮೇಲೆ ಪಕ್ಕಪಕ್ಕದಲ್ಲೇ ಇಟ್ಟು ಪಿಟಿಟಿ ಒತ್ತಿದರೆ ರಿಸೀವರ್ ಉಸಿರುಗಟ್ಟಿ, ಫ್ರೀಕ್ವೆನ್ಸಿ ಸರಿಯಿದ್ದರೂ ಬಿಇಆರ್ ಜಾಸ್ತಿ ತೋರಿಸುತ್ತದೆ.

ಪೈ-ಸ್ಟಾರ್‌ಗೆ ಎಸ್‌ಎಸ್‌ಎಚ್‌ನಲ್ಲಿ (ಬೇರೆ ಕಂಪ್ಯೂಟರ್‌ನಿಂದ ಕಮಾಂಡ್ ಕೊಡುವ ದಾರಿ) ಒಳಗೆ ಹೋಗಿ ಎಂಎಂಡಿವಿಎಂಕ್ಯಾಲ್ ಅನ್ನುವ ಪ್ರೋಗ್ರಾಂ ಓಡಿಸಿದರು. ಕ್ಯಾಲಿಬ್ರೇಷನ್‌ಗೆ ಇರುವುದೇ ಅದು. ಫ್ರೀಕ್ವೆನ್ಸಿ 434500000 ಅಂತ ಕೊಟ್ಟು, ಡಿಎಂಆರ್ ಸಿಂಪ್ಲೆಕ್ಸ್‌ನ (ಕಳಿಸಲೂ ಕೇಳಲೂ ಒಂದೇ ಫ್ರೀಕ್ವೆನ್ಸಿ) ಬಿಇಆರ್ ಪರೀಕ್ಷೆ ಆರಿಸಿದರು. ಅವರ ರೇಡಿಯೋದಲ್ಲಿ ಅದೇ ಫ್ರೀಕ್ವೆನ್ಸಿಯ ಸಿಂಪ್ಲೆಕ್ಸ್ ಚಾನೆಲ್, ಕಲರ್ ಕೋಡ್ (ಎರಡೂ ಕಡೆ ಒಂದೇ ಇರಬೇಕಾದ ಡಿಎಂಆರ್ ಸಂಖ್ಯೆ) 1. ಅವರ ಹೆಂಡತಿ ಒಳಗಿನ ಕೋಣೆಯಲ್ಲಿ ಪಿಟಿಟಿ ಒತ್ತಿ ಹಿಡಿದು ಒಂದರಿಂದ ಎಣಿಸುತ್ತಿದ್ದರು, ಅವರೂ ಲೈಸೆನ್ಸ್ ಇರುವ ಹ್ಯಾಮ್. ಪರದೆಯ ಮೇಲೆ ಸಾಲುಗಳು ಸರಸರ ಇಳಿಯತೊಡಗಿದವು. ಪ್ರತಿ ಸಾಲಿನಲ್ಲೂ 141 ಬಿಟ್‌ಗಳಲ್ಲಿ ಎಷ್ಟು ತಪ್ಪಿತು ಅಂತ ಬರುತ್ತದೆ: ಎಂಟು, ಒಂಬತ್ತು, ಏಳು. ಎಫ್ ಕೀ ಒತ್ತಿದಂತೆ ಫ್ರೀಕ್ವೆನ್ಸಿ ಸ್ವಲ್ಪಸ್ವಲ್ಪವೇ ಮೇಲೇರುತ್ತದೆ, ದೊಡ್ಡ ಎಫ್ ಮೇಲಕ್ಕೆ, ಚಿಕ್ಕದು ಕೆಳಕ್ಕೆ. ತಪ್ಪುಗಳು ಐದಾದವು, ಮೂರಾದವು, ಆಮೇಲೆ ಸಾಲುಸಾಲು ಸೊನ್ನೆ, ನಡುವೆ ಎಲ್ಲೋ ಒಂದು. ಅಲ್ಲಿಗೇ ನಿಲ್ಲಿಸಲಿಲ್ಲ. ಇನ್ನೂ ಮೇಲೆ ಹೋಗಿ ತಪ್ಪು ಮತ್ತೆ ಏರುವ ಜಾಗ ಗುರುತು ಹಾಕಿಕೊಂಡರು. ಎರಡು ಕಡೆ ಕೆಡುವ ಜಾಗಗಳ ಸರಿ ಮಧ್ಯ ಹಿಡಿದರು. ಮೊದಲು ಸೊನ್ನೆ ಬಂದ ಕಡೆಯೇ ನಿಂತುಬಿಟ್ಟರೆ ಅಂಚಿನಲ್ಲಿ ನಿಂತ ಹಾಗಾಗುತ್ತದೆ, ನಾಳೆ ಸ್ವಲ್ಪ ಬಿಸಿಲೇರಿದರೆ ಮತ್ತೆ ಕೆಡುತ್ತದೆ.

ಮಧ್ಯ ಸಿಕ್ಕಿದ್ದು 434500450ರ ಆಸುಪಾಸು. ಅದರಲ್ಲಿ 434500000 ಕಳೆದರೆ 450. ಪೈ-ಸ್ಟಾರ್‌ನ ಎಕ್ಸ್‌ಪರ್ಟ್ ಪುಟದಲ್ಲಿ ಎಂಎಂಡಿವಿಎಂಹೋಸ್ಟ್ ತೆರೆದು, ಮೋಡೆಮ್ ಭಾಗದಲ್ಲಿ ಆರ್‌ಎಕ್ಸ್‌ಆಫ್‌ಸೆಟ್‌ಗೆ 450 ಹಾಕಬೇಕು. ಸಿಕ್ಕಿದ್ದು ಕೆಳಗಾಗಿದ್ದರೆ ಮೈನಸ್ ಹಾಕಬೇಕು. ಟಿಎಕ್ಸ್‌ಆಫ್‌ಸೆಟ್‌ಗೂ ಅದೇ ಸಂಖ್ಯೆ, ಯಾಕಂದ್ರೆ ಕಳಿಸುವುದಕ್ಕೂ ಕೇಳುವುದಕ್ಕೂ ಬೋರ್ಡ್ ನಂಬಿಕೊಂಡಿರುವುದು ಒಂದೇ ಟಿಸಿಎಕ್ಸ್‌ಒವನ್ನು. ಎರಡೂ ಕಡೆ ಸೇವ್ ಮಾಡಿ, ಪ್ಯಾರಟ್‌ಗೆ ಕರೆ ಮಾಡಿ ನೋಡಿದರೆ ಅವರ ಎರಡೂ ರೇಡಿಯೋಗಳಿಗೆ ನನ್ನ ಪೆಟ್ಟಿಗೆ ಅಚ್ಚುಕಟ್ಟಾಗಿ ಉತ್ತರ ಕೊಟ್ಟಿತು. ಒಂದು ಲೋಟ ಕಾಫಿ ಕುಡಿದು ಮುಗಿಸುವ ಹೊತ್ತಿನ ಕೆಲಸ.

ಒಂದು ಕಿವಿಮಾತು ಇದೆ. ಒಂದೇ ರೇಡಿಯೋ ನಂಬಿ ಹೀಗೆ ಅಳೆದರೆ, ಆ ರೇಡಿಯೋದ ತಪ್ಪೂ ಆಫ್‌ಸೆಟ್‌ನೊಳಗೆ ಸೇರಿಕೊಳ್ಳುತ್ತದೆ. ನಿಮ್ಮ ಮನೆಯಲ್ಲಿ ನಿಮ್ಮ ರೇಡಿಯೋ ಒಂದೇ ಇದ್ದರೆ ಅದರಿಂದ ತೊಂದರೆ ಏನಿಲ್ಲ, ಆಫ್‌ಸೆಟ್ ಯಾವಾಗ ಬೇಕಾದರೂ ಬದಲಾಯಿಸಬಹುದು. ಆದರೆ ತಪ್ಪು ಯಾರದ್ದು ಅಂತ ತೀರ್ಮಾನಿಸುವ ಮೊದಲು ಇನ್ನೊಬ್ಬ ಹ್ಯಾಮ್‌ನ ರೇಡಿಯೋ ಅಥವಾ ಹಾಟ್‌ಸ್ಪಾಟ್ ಜೊತೆ ಅದಲುಬದಲು ಮಾಡಿ ನೋಡಲೇಬೇಕು. ಮೂರನೆಯದೊಂದು ಸಾಕ್ಷಿ ಇಲ್ಲದೆ ‘ನಿಮ್ಮ ರೇಡಿಯೋನೇ ಸರಿಯಿಲ್ಲ’ ಅನ್ನುವವರ ಮಾತು ಒಪ್ಪಿಕೊಳ್ಳಬೇಡಿ.

ನನ್ನ ರೇಡಿಯೋ ಕಥೆ ಇಷ್ಟು ಸುಲಭವಾಗಿ ಮುಗಿಯಲಿಲ್ಲ. ಅದನ್ನು ಬೆಂಗಳೂರಿನಲ್ಲಿ ಸರಿಯಾದ ಅಳತೆಯ ಉಪಕರಣ ಇಟ್ಟುಕೊಂಡಿರುವ ಸರ್ವಿಸ್‌ನವರ ಹತ್ತಿರ ಕೊಟ್ಟು, ರೆಫರೆನ್ಸನ್ನು ಮತ್ತೆ ಜಾಗಕ್ಕೆ ತರಿಸಬೇಕಾಯಿತು. ಹಾಟ್‌ಸ್ಪಾಟ್ ಬೆಲೆಯ ಅರ್ಧದಷ್ಟು ಅದಕ್ಕೇ ಹೋಯಿತು. ಮಾರಿದವರಿಗೆ ಎಲ್ಲ ವಿವರ, ಪರದೆಯ ಫೋಟೋಗಳು ಕಳಿಸಿದೆ. ‘ನಾವು ವಾಪಸ್ ಕಳಿಸುವಾಗ ಸರಿ ಇತ್ತಲ್ಲ’ ಅನ್ನುವುದಷ್ಟೇ ಉತ್ತರ. ಆಮೇಲೆ ಫೋನ್ ಎತ್ತಲಿಲ್ಲ.

ಹಾಗಾಗಿ ದುಡ್ಡು ಕಟ್ಟುವ ಮೊದಲೇ ಮಾರುವವರನ್ನು ನೇರವಾಗಿ ಕೇಳಿ: ಈ ಬೋರ್ಡ್‌ನ ಆರ್‌ಎಕ್ಸ್ ಆಫ್‌ಸೆಟ್ ಎಷ್ಟು, ಯಾವ ರೇಡಿಯೋ ಇಟ್ಟು ಅಳೆದಿರಿ, ಬಿಇಆರ್ ಎಷ್ಟು ಬಂತು, ಟಿಸಿಎಕ್ಸ್‌ಒ ಯಾವುದು. ನಿಜವಾಗಿ ಅಳೆದವರು ಸಂಖ್ಯೆ ಹೇಳುತ್ತಾರೆ. ನನ್ನ ಪೆಟ್ಟಿಗೆಯಲ್ಲಿ ಎರಡೂ ಆಫ್‌ಸೆಟ್ ಸೊನ್ನೆ ಇತ್ತು. ಸೊನ್ನೆ ಇದ್ದ ಮಾತ್ರಕ್ಕೆ ಅಳೆದಿಲ್ಲ ಅಂತಲ್ಲ, ಬೋರ್ಡ್ ನಿಜಕ್ಕೂ ನಿಖರವಾಗಿರಬಹುದು. ಆದರೆ ಸೊನ್ನೆಯೂ ಇದ್ದು ಬಿಇಆರ್ ಶೇ. 5 ದಾಟಿದರೆ ಯಾರೂ ಅದನ್ನು ಮುಟ್ಟಿಲ್ಲ ಅಂತ ತಿಳಿಯಿರಿ. ಟಿಸಿಎಕ್ಸ್‌ಒ ಡಬ್ಬಿಯ ಫೋಟೋ ಕೇಳಿ. ಪೈನ ಮೆಮೊರಿ ಕಾರ್ಡ್‌ನಲ್ಲಿ ತುಂಬಿರುವ ಫ್ರೀಕ್ವೆನ್ಸಿ ಯಾವುದು ಅಂತಲೂ ಕೇಳಿ, 434 ಮತ್ತು 435ರ ನಡುವೆ ಇಲ್ಲದಿದ್ದರೆ ಆನ್ ಮಾಡುವ ಮೊದಲೇ ಬದಲಾಯಿಸಿಕೊಳ್ಳಿ. ರೇಡಿಯೋ ಸರ್ವಿಸ್‌ಗೆ ಕೊಡಲೇಬೇಕಾಗಿ ಬಂದರೆ, ಒಳಗಿನ ಹಳೆಯ ಅಲೈನ್‌ಮೆಂಟ್ ಸಂಖ್ಯೆಗಳನ್ನು ಮೊದಲು ಬ್ಯಾಕಪ್ ಮಾಡಿ ಕೊಡುವಂತೆ ಬರಹದಲ್ಲೇ ಕೇಳಿ ಇಟ್ಟುಕೊಳ್ಳಿ.

ಹಾಸನ, ಸಕಲೇಶಪುರ, ಮೂಡಿಗೆರೆ, ಬಾಳೆಹೊನ್ನೂರು ಕಡೆಯ ಯಾರಿಗಾದರೂ ಈ ತರಹ ತುಂಡಾದ ದನಿಯ ತೊಂದರೆ ಇದ್ದರೆ ಹೇಳಿ. ನನ್ನ ರೇಡಿಯೋ ಈಗ ಸರಿಯಾದ ಉಪಕರಣದಲ್ಲಿ ಅಳೆಸಿ ಬಂದಿದೆ. ಪೆಟ್ಟಿಗೆ ತೆಗೆದುಕೊಂಡು ಬನ್ನಿ, ಕೂತು ಅಳೆಯೋಣ. ಇದಕ್ಕೆ ಚಾರ್ಜು ಏನಿಲ್ಲ.