ಫಿಕ್ಸೆಡ್, ವಿಸ್ಕಸ್, ಎಲೆಕ್ಟ್ರಿಕ್: ಒಂದೇ ಪಿಕಪ್‌ಗೆ ಮೂರು ಫ್ಯಾನ್ ಹಾಕಿ ಓಡಿಸಿದ ಹೋಲಿಕೆ

ಎಂಜಿನ್ನಿನ ಬಿಸಿ ನೀರನ್ನು ತಣಿಸುವ ರೇಡಿಯೇಟರ್‌ಗೆ ಗಾಳಿ ಕೊಡುವ ಫ್ಯಾನಿನ ಮಾತು ಇದು. "ಎಲೆಕ್ಟ್ರಿಕ್ ಫ್ಯಾನ್ ಹಾಕಿಸಿ, ಮೈಲೇಜೂ ಬರುತ್ತೆ, ಪುಲ್ಲಿಂಗೂ ಬರುತ್ತೆ" ಅಂತ ಯಾರಾದರೂ ಹೇಳಿದರೆ ಮೊದಲು ಒಂದು ಪ್ರಶ್ನೆ ಕೇಳಿ. ಯಾವ ರಸ್ತೆಗೆ, ಎಷ್ಟು ಲೋಡಿಗೆ? ಇದಕ್ಕೆ ಉತ್ತರ ಸಿಗದೆ ದುಡ್ಡು ಬಿಚ್ಚಬೇಡಿ.

ನನ್ನದು 12 ವೋಲ್ಟಿನ ಹಳೆಯ ಡೀಸೆಲ್ ಪಿಕಪ್. ಒಂದಷ್ಟು ಕಾಲ ಬೆಂಗಳೂರಿನೊಳಗೆ ಡೆಲಿವರಿ, ಆಮೇಲೆ ಮಂಗಳೂರು ಕಡೆಯಿಂದ ಶಿರಾಡಿ ಘಾಟಿ ಹತ್ತಿಸಿ ಹಾಸನಕ್ಕೆ ಲೋಡು. ಮೂರು ಬಗೆಯ ಫ್ಯಾನನ್ನೂ ಇದೇ ಗಾಡಿಯಲ್ಲಿ ಓಡಿಸಿದ್ದೇನೆ.

ಫಿಕ್ಸೆಡ್ ಫ್ಯಾನ್ ಅಂದರೆ ಎಂಜಿನ್ನಿನ ಬೆಲ್ಟಿನಿಂದ ತಿರುಗುವ ವಾಟರ್ ಪಂಪಿನ ಮುಂದೆ ಬೋಲ್ಟ್ ಹಾಕಿ ಕೂರಿಸಿದ್ದು. ಎಂಜಿನ್ ತಿರುಗಿದರೆ ಅದೂ ತಿರುಗುತ್ತದೆ, ಬೇಕಿರಲಿ ಬೇಡದಿರಲಿ. ಕೆಡುವಂಥದ್ದು ಅದರಲ್ಲಿ ಏನೂ ಇಲ್ಲ, ಅದೇ ಅದರ ದೊಡ್ಡ ಗುಣ. ಆದರೆ ಫ್ಯಾನಿನ ವೇಗ ಎರಡು ಪಟ್ಟಾದರೆ ಅದು ತಿನ್ನುವ ಶಕ್ತಿ ಎಂಟು ಪಟ್ಟಾಗುತ್ತದೆ. ಹೈವೇಯಲ್ಲಿ ಗಾಳಿ ತಾನಾಗಿಯೇ ರೇಡಿಯೇಟರ್‌ಗೆ ನುಗ್ಗುತ್ತಿರುವಾಗಲೂ ಇದು ಎಂಜಿನ್ನಿನಿಂದ ಕಿತ್ತುಕೊಳ್ಳುತ್ತಲೇ ಇರುತ್ತದೆ. ಸದ್ದಂತೂ ಕೇಳಲೇಬೇಡಿ.

ವಿಸ್ಕಸ್ ಫ್ಯಾನಿಗೂ ಬೆಲ್ಟೇ ಆಧಾರ. ನಡುವೆ ಸಿಲಿಕೋನ್ ಆಯಿಲ್ ತುಂಬಿದ ಒಂದು ಕ್ಲಚ್ (ಫ್ಯಾನನ್ನು ಬೆಲ್ಟಿನ ಓಟಕ್ಕೆ ಜೋಡಿಸುವ, ಬಿಡಿಸುವ ಭಾಗ) ಇರುತ್ತದೆ, ಅದರ ಮುಖದ ಮೇಲೆ ಸುರುಳಿ ಸುತ್ತಿದ ಪುಟ್ಟ ಪಟ್ಟಿ. ರೇಡಿಯೇಟರ್ ದಾಟಿ ಬರುವ ಗಾಳಿ ಬಿಸಿಯಾದಾಗ ಆ ಪಟ್ಟಿ ತಿರುಚಿಕೊಂಡು ಒಳಗಿನ ವಾಲ್ವ್ ತೆರೆಯುತ್ತದೆ, ಆಯಿಲ್ ಹರಿದು ಕ್ಲಚ್ ಕಚ್ಚಿಕೊಳ್ಳುತ್ತದೆ. ತಣ್ಣಗಾದರೆ ಬಿಟ್ಟುಕೊಳ್ಳುತ್ತದೆ. ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಸ್ವಲ್ಪ ಹೊತ್ತು ಜೋರಾಗಿ ಮೊರೆದು ಆಮೇಲೆ ಸುಮ್ಮನಾಗುತ್ತಲ್ವಾ, ಅದು ದೋಷ ಅಲ್ಲ. ರಾತ್ರಿಯೆಲ್ಲ ನಿಂತಾಗ ಒಳಗೆ ಸೇರಿದ ಆಯಿಲ್ ವಾಪಸ್ ತನ್ನ ಜಾಗಕ್ಕೆ ಹೋಗುವವರೆಗಿನ ಸದ್ದು ಅಷ್ಟೆ.

ಎಲೆಕ್ಟ್ರಿಕ್ ಫ್ಯಾನ್ ಪೇಟೆಯಲ್ಲಿ ನಿಜಕ್ಕೂ ಚೆನ್ನಾಗಿ ಕೆಲಸ ಮಾಡಿತು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತಿದ್ದಾಗ ಎಂಜಿನ್ ಐಡ್ಲಿಂಗಿನಲ್ಲಿ ಇರುತ್ತದೆ, ಬೆಲ್ಟ್ ಫ್ಯಾನಾದರೆ ಮೆಲ್ಲಗೆ ತಿರುಗುತ್ತದೆ. ಎಲೆಕ್ಟ್ರಿಕ್‌ಗೆ ಎಂಜಿನ್ ವೇಗದ ಹಂಗಿಲ್ಲ, ಪೂರ್ತಿ ಗಾಳಿ ಕೊಡುತ್ತದೆ. ಎಸಿ ಇರುವ ಗಾಡಿಯಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಕ್ಯಾಬಿನ್ ನಿಶ್ಶಬ್ದ, ಫಸ್ಟ್ ಗೇರಿನಲ್ಲಿ ಗಾಡಿ ಹಗುರ ಅನ್ನಿಸುತ್ತದೆ. ಫಿಕ್ಸೆಡ್ ತೆಗೆದು ಇದನ್ನು ಹಾಕಿದಾಗ ಡೀಸೆಲ್ ಉಳಿದದ್ದೂ ನಿಜ. ವಿಸ್ಕಸ್ ಜೊತೆ ಹೋಲಿಸಿದರೆ ಮಾತ್ರ ಮೈಲೇಜಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ನನಗೆ ಸಿಗಲಿಲ್ಲ.

ಆದರೆ ಘಾಟಿಯಲ್ಲಿ ಕಥೆಯೇ ಬೇರೆ. ಗುಂಡ್ಯ ಬಿಟ್ಟು ಮಾರನಹಳ್ಳಿ ಕಡೆ ಫುಲ್ ಲೋಡಿನಲ್ಲಿ ಹತ್ತುವಾಗ ಗಾಡಿ ಸೆಕೆಂಡ್ ಗೇರಿನಲ್ಲಿ ತೆವಳುತ್ತಿರುತ್ತದೆ, ಎದುರು ಗಾಳಿ ಇಲ್ಲವೇ ಇಲ್ಲ, ಎಂಜಿನ್ ಮಾತ್ರ ಕಿರುಚುತ್ತಿರುತ್ತದೆ. ಆ ಕಿರುಚಾಟವೇ ಬೆಲ್ಟ್ ಫ್ಯಾನಿಗೆ ವೇಗ. ಬಿಸಿ ಜಾಸ್ತಿಯಾದಷ್ಟೂ ಗಾಳಿಯೂ ಜಾಸ್ತಿ. ಎಲೆಕ್ಟ್ರಿಕ್ ಫ್ಯಾನಿನ ವೇಗ ಎಂಜಿನ್ ಜೊತೆ ಏರುವುದಿಲ್ಲ. 30 ಆಂಪಿಯರ್ ಎಳೆಯುವ ಫ್ಯಾನ್ ಅಂದರೆ ಸುಮಾರು 400 ವ್ಯಾಟ್, ಅಂದರೆ ಅರ್ಧ ಹಾರ್ಸ್‌ಪವರ್‌ಗಿಂತ ಸ್ವಲ್ಪ ಮೇಲೆ. ಬೆಲ್ಟ್ ಫ್ಯಾನ್ ಅದೇ ಚಡಾವಿನಲ್ಲಿ ಅದರ ಹಲವು ಪಟ್ಟು ಶಕ್ತಿ ಹಾಕಿ ಗಾಳಿ ಎಳೆಯುತ್ತದೆ. ಎಲೆಕ್ಟ್ರಿಕ್ ಫ್ಯಾನ್ ಆಫ್ ಆಗದೆ ಓಡುತ್ತಲೇ ಇತ್ತು, ಟೆಂಪರೇಚರ್ ಮುಳ್ಳು ಮಾತ್ರ ನಿಧಾನಕ್ಕೆ ಮೇಲೆ ಹೋಗುತ್ತಲೇ ಇತ್ತು. ಎರಡು ಸಲ ಸೈಡಿಗೆ ಹಾಕಿ ಕಾಯುವ ರಸ್ತೆ ಅದಲ್ಲ. ಹಿಂದೆ ಬಸ್ಸು, ಟ್ಯಾಂಕರ್ ಸಾಲುಗಟ್ಟಿರುತ್ತವೆ. ವಿಸ್ಕಸ್ ಹಾಕಿದಾಗ ಅದೇ ತಿರುವುಗಳಲ್ಲಿ ಫ್ಯಾನ್ ಕಚ್ಚಿಕೊಂಡ ಸದ್ದು ಕೇಳುತ್ತದೆ, ಮುಳ್ಳು ಇದ್ದಲ್ಲೇ ನಿಲ್ಲುತ್ತದೆ.

ಹಾಗಾಗಿ ಲೋಡು ಹೊತ್ತು ಘಾಟಿ ಹತ್ತುವ ಗಾಡಿಗೆ ನನ್ನ ಓಟು ವಿಸ್ಕಸ್‌ಗೆ. ಈಗ ನನ್ನ ಗಾಡಿಯಲ್ಲಿರುವುದೂ ಅದೇ. ಊರೊಳಗೆ ಮಾತ್ರ ಸುತ್ತುವ ಗಾಡಿಯಾದರೆ ಎಲೆಕ್ಟ್ರಿಕ್ ಹಾಕಿಸಿ, ಧೈರ್ಯವಾಗಿ.

ಹಾಕಿಸುವುದಾದರೆ ಸರಿಯಾಗಿ ಹಾಕಿಸಿ. ಗುಜರಿಯಿಂದ ಸಣ್ಣ ಕಾರಿನ ಫ್ಯಾನ್ ತಂದು, ರೇಡಿಯೇಟರ್ ಜಾಲರಿಯ ಮಧ್ಯೆಯೇ ಪ್ಲಾಸ್ಟಿಕ್ ಟ್ಯಾಗ್ ತೂರಿಸಿ ಬಿಗಿಯುವವರಿದ್ದಾರೆ. ಗಾಡಿ ಅದುರಿದಾಗಲೆಲ್ಲ ಟ್ಯಾಗ್ ಉಜ್ಜಿ ಉಜ್ಜಿ ಕೊನೆಗೆ ರೇಡಿಯೇಟರಿನ ಟ್ಯೂಬೇ ತೂತಾಗುತ್ತದೆ. ಫ್ಯಾನ್ ರೇಡಿಯೇಟರಿನ ಹಿಂದೆ ಇರಲಿ, ಗಾಳಿ ಎಳೆಯುವಂಥದ್ದು. ಮುಂದೆ ಹಾಕಿದರೆ ಓಡುವಾಗ ಬರುವ ಗಾಳಿಗೆ ಅದೇ ಅಡ್ಡ. ಫ್ಯಾನಿನ ಸುತ್ತ, ರೇಡಿಯೇಟರಿನ ಪೂರ್ತಿ ಅಗಲದಿಂದ ಗಾಳಿ ಎಳೆಯುವಂತೆ ಮಾಡುವ ಕವರ್ ಬೇಕೇ ಬೇಕು, ಇಲ್ಲದಿದ್ದರೆ ರೆಕ್ಕೆಯ ಎದುರಿನ ದುಂಡು ಜಾಗಕ್ಕೆ ಮಾತ್ರ ಗಾಳಿ, ಮೂಲೆಗಳು ಬಿಸಿಯಾಗಿಯೇ ಉಳಿಯುತ್ತವೆ. ವೈರಿಂಗ್ ಹೆಡ್‌ಲೈಟಿನ ವೈರಿಗೆ ಜೋಡಿಸುವಂಥದ್ದಲ್ಲ. ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್), ಬ್ಯಾಟರಿ ಹತ್ತಿರವೇ 40 ಆಂಪಿಯರ್ ಫ್ಯೂಸ್, ದಪ್ಪ ವೈರ್, ಒಳ್ಳೆ ಅರ್ತಿಂಗ್. ಸ್ಟಾರ್ಟ್ ಆಗುವ ಕ್ಷಣದಲ್ಲಿ ಫ್ಯಾನ್ ಇನ್ನೂ ಜಾಸ್ತಿ ಕರೆಂಟ್ ಎಳೆಯುತ್ತದೆ. ರಾತ್ರಿ ಮಳೆಯಲ್ಲಿ ಹೆಡ್‌ಲೈಟ್, ವೈಪರ್, ಫ್ಯಾನ್ ಮೂರೂ ಸೇರಿದರೆ ಕರೆಂಟ್ ತಯಾರಿಸುವ ಹಳೆಯ ಸಣ್ಣ ಆಲ್ಟರ್ನೇಟರ್ ಸೋತು ಬ್ಯಾಟರಿ ಇಳಿಯುತ್ತದೆ. ಅದನ್ನು ಮೊದಲೇ ಎಲೆಕ್ಟ್ರಿಷಿಯನ್ ಹತ್ತಿರ ಚೆಕ್ ಮಾಡಿಸಿ.

ಕೈಯಿಂದ ಆಫ್ ಮಾಡುವ ಒಂದು ಸ್ವಿಚ್ಚೂ ಇರಲಿ. ರಸ್ತೆ ಮೇಲೆ ನೀರು ನಿಂತಲ್ಲಿ ಗಾಡಿ ಇಳಿಸುವಾಗ ತಿರುಗುವ ರೆಕ್ಕೆಗೆ ನೀರು ಬಡಿದರೆ ರೆಕ್ಕೆ ಬಾಗಿ ರೇಡಿಯೇಟರಿಗೆ ತಾಗುತ್ತದೆ. ಎಲೆಕ್ಟ್ರಿಕ್ ಫ್ಯಾನನ್ನು ಆ ಹೊತ್ತಿಗೆ ನಿಲ್ಲಿಸಬಹುದು, ಬೆಲ್ಟ್ ಫ್ಯಾನಿನಲ್ಲಿ ಆ ಅನುಕೂಲ ಇಲ್ಲ. ದಾಟಿದ ಮೇಲೆ ಮರೆಯದೆ ಆನ್ ಮಾಡಿ.

ಇನ್ನು ವಿಸ್ಕಸ್ ಇರುವ ಗಾಡಿ ಹೀಟ್ ಆಗುತ್ತಿದ್ದರೆ, ಎಲೆಕ್ಟ್ರಿಕ್‌ಗೆ ಬದಲಾಯಿಸುವ ಮುಂಚೆ ಒಂದು ಪರೀಕ್ಷೆ ಮಾಡಿ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಆಫ್ ಮಾಡಿ, ಕೀ ತೆಗೆದು ಜೇಬಿಗೆ ಹಾಕಿ, ಫ್ಯಾನನ್ನು ಕೈಯಲ್ಲಿ ತಿರುಗಿಸಿ. ಗಟ್ಟಿಯಾಗಿ ತಡೆದರೆ ಕ್ಲಚ್ ಸರಿಯಿದೆ, ರೇಡಿಯೇಟರ್, ಥರ್ಮೋಸ್ಟಾಟ್ (ಬಿಸಿಯಾದಾಗ ರೇಡಿಯೇಟರ್‌ಗೆ ನೀರು ಬಿಡುವ ವಾಲ್ವ್) ಕಡೆ ನೋಡಿ. ಗಿರ್ರನೆ ತಿರುಗಿತು, ಹಬ್ ಸುತ್ತ ಜಿಡ್ಡಿಗೆ ಧೂಳು ಮೆತ್ತಿಕೊಂಡಿದೆ ಅಂದರೆ ಆಯಿಲ್ ಸೋರಿ ಹೋಗಿದೆ. ಆಗ ಬದಲಾಯಿಸಬೇಕಾದ್ದು ಆ ಕ್ಲಚ್ ಒಂದನ್ನೇ.