ಪ್ರವಚನ, ನಾಮ, ಪಾದಯಾತ್ರೆ, ಲಿಂಗ: ನಾಸ್ತಿಕಳೊಬ್ಬಳು ಹಿಡಿದು ನೋಡಿದ ದಾರಿಗಳು

ದೇವರನ್ನು ಬಿಟ್ಟವರು ಮತ್ತೆ ಆ ಕಡೆ ತಿರುಗಿದರೆ ಜನ ಮೊದಲು ಕೇಳುವುದು "ಏನಾಯ್ತು?" ಅಂತ. ಯಾರೋ ತೀರಿಕೊಂಡಿರಬೇಕು, ದೊಡ್ಡ ಕಾಯಿಲೆ ಬಂದಿರಬೇಕು ಅಂತ ಅವರ ಲೆಕ್ಕ. ನನಗೆ ಹಾಗೇನೂ ಆಗಲಿಲ್ಲ. ನಾನು ವಿಜಯಪುರದಲ್ಲಿ ಹೈಸ್ಕೂಲ್ ವಿಜ್ಞಾನ ಟೀಚರ್. ಧಾರವಾಡದಲ್ಲಿ ಬಿ.ಎಸ್ಸಿ. ಓದುವಾಗ ಕೊರಳಿನ ಲಿಂಗ ತೆಗೆದಿಟ್ಟವಳು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರೀಕ್ಷೆಗೆ ಸಮಿತಿ ಮಾಡಿದ್ದರಲ್ಲ, ಆ ಕತೆ ಕೇಳಿದಾಗಿನಿಂದ ಅವರ ಅಭಿಮಾನಿ. ಈಗಲೂ ಕ್ಲಾಸಿನಲ್ಲಿ ಚಾಕುವಿಗೆ ಮಿಥೈಲ್ ಆರೆಂಜ್ ಸವರಿ ಲಿಂಬೆಹಣ್ಣಿನಿಂದ 'ರಕ್ತ' ಬರಿಸುತ್ತೇನೆ. ಪೊಟ್ಯಾಸಿಯಂ ಪರ್ಮಾಂಗನೇಟ್ ಮೇಲೆ ಗ್ಲಿಸರಿನ್ ಹಾಕಿ ಕಡ್ಡಿ ಗೀರದೆ ಬೆಂಕಿ ಎಬ್ಬಿಸುತ್ತೇನೆ. ಇದನ್ನೆಲ್ಲ ನಿಲ್ಲಿಸು ಅನ್ನುವ ನಂಬಿಕೆ ನನಗೆ ಬೇಡ. ಹೊರಡುವಾಗ ನನ್ನ ಷರತ್ತು ಇಷ್ಟೇ ಇತ್ತು.

ಅನುಮಾನದ ಸ್ವಭಾವದವರಿಗೆ ನಮ್ಮ ಸೀಮೆಯಲ್ಲಿ ಯಾವ ದಾರಿ ಒಗ್ಗುತ್ತದೆ ಅನ್ನುವುದನ್ನು ಬರೆಯುತ್ತಿದ್ದೇನೆ. ಯಾವ ದೇವರು ದೊಡ್ಡವನು ಅನ್ನುವ ಜಗಳಕ್ಕೆ ನಾನಿಲ್ಲ.

ಎಲ್ಲಕ್ಕಿಂತ ಸುಲಭ ಇಲ್ಲಿಯ ಜ್ಞಾನಯೋಗಾಶ್ರಮ. 2023ರ ಜನವರಿ 2ರಂದು ಆಶ್ರಮದ ಸಿದ್ಧೇಶ್ವರ ಸ್ವಾಮೀಜಿ ತೀರಿಕೊಂಡಾಗ ಊರಿಗೆ ಲಕ್ಷಗಟ್ಟಲೆ ಜನ ಬಂದರು. ಆ ಜನಕ್ಕಿಂತ ಹೆಚ್ಚಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರು ಮೊದಲೇ ಬರೆದಿಟ್ಟಿದ್ದ ಪತ್ರ. ದೇಹವನ್ನು ಸುಡಿ, ಬೂದಿಯನ್ನು ನೀರಿಗೆ ಬಿಡಿ, ಸ್ಮಾರಕ ಕಟ್ಟಬೇಡಿ ಅಂದಿದ್ದರು. ಲಿಂಗಾಯತ ಸ್ವಾಮಿಗಳನ್ನು ಹೂಳುವುದು, ಮೇಲೆ ಗದ್ದುಗೆ ಕಟ್ಟುವುದು ನಮ್ಮಲ್ಲಿ ರೂಢಿ. 2018ರಲ್ಲಿ ಪದ್ಮಶ್ರೀ ಬಂದಾಗಲೂ ಬೇಡ ಅಂದವರು. ಅಂಗಿಗೆ ಕಿಸೆ ಕೂಡ ಇರಲಿಲ್ಲ. ಇಂಥ ಮನುಷ್ಯ ಏನು ಹೇಳುತ್ತಿದ್ದರು ನೋಡೋಣ ಅಂತ ಯೂಟ್ಯೂಬ್‌ನಲ್ಲಿ ಕೇಳತೊಡಗಿದೆ. ಆಮೇಲೆ ಆಶ್ರಮಕ್ಕೂ ಹೋಗಿ ಕೂತೆ.

ಅವರ ಮಾತಿನಲ್ಲಿ ಹೆದರಿಕೆ ಇಲ್ಲ, ಪವಾಡ ಇಲ್ಲ. ಗಿಡ, ಹಕ್ಕಿ, ಹೊಲದಿಂದ ಶುರುವಾಗಿ ಅಲ್ಲಮ, ಉಪನಿಷತ್ತು, ಪತಂಜಲಿಯವರೆಗೆ ಹೋಗುತ್ತದೆ. ಆಶ್ರಮದಲ್ಲಿ ಯಾರೂ ಹೆಸರು ಕೇಳುವುದಿಲ್ಲ. ಕೈ ಮುಗಿಯದೆ ಕೂತರೂ ಯಾರೂ ತಿರುಗಿ ನೋಡುವುದಿಲ್ಲ. ನನ್ನಂಥವರಿಗೆ ಇದಕ್ಕಿಂತ ಹಿತವಾದ ಬಾಗಿಲಿಲ್ಲ. ತೊಂದರೆಯೂ ಅಲ್ಲೇ ಇದೆ. ಕೇಳುವಾಗ ತಲೆದೂಗುತ್ತೇನೆ, ಮನೆಗೆ ಬಂದು ಪೇಪರ್ ತಿದ್ದುತ್ತೇನೆ, ಮುಗೀತು. ಹೀಗೆ ವರ್ಷಗಟ್ಟಲೆ ಕೇಳಿಕೊಂಡು ಇದ್ದಲ್ಲೇ ಇರಬಹುದು. "ಅಡಗಿ ಸುದ್ದಿ ಕೇಳಿದ್ರ ಹೊಟ್ಟಿ ತುಂಬತೈತೇನ?" ಅಂತ ಅವ್ವ ಒಮ್ಮೆ ಕೇಳಿದಳು. ಉತ್ತರ ಕೊಡಲಿಲ್ಲ.

ತಲೆಗೆ ಹೆಚ್ಚು ಹಿಡಿಸಿದ್ದು ನಿಂಬಾಳ. ಸೊಲ್ಲಾಪುರದ ಕಡೆ ಹೋಗುವ ಪ್ಯಾಸೆಂಜರ್ ರೈಲು ಹತ್ತಿದರೆ ನಿಂಬಾಳ ಸ್ಟೇಷನ್ ಸಿಗುತ್ತದೆ, ಗುರುದೇವ ರಾನಡೆಯವರ ಆಶ್ರಮ ಅಲ್ಲೇ. 1886ರಲ್ಲಿ ಜಮಖಂಡಿಯಲ್ಲಿ ಹುಟ್ಟಿದ ರಾನಡೆ ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರದ ಪ್ರೊಫೆಸರ್ ಆಗಿದ್ದರು, ಅಲ್ಲೇ ಕುಲಪತಿಯೂ ಆದರು. 1957ರಲ್ಲಿ ತೀರಿಕೊಂಡದ್ದು ನಿಂಬಾಳದಲ್ಲಿ. ಗ್ರೀಕ್ ತತ್ವಜ್ಞಾನ ಓದಿಕೊಂಡಿದ್ದ ಪಂಡಿತರು ಇಂಚಗೇರಿಯ ಭಾವುಸಾಹೇಬ ಮಹಾರಾಜರಿಂದ ನಾಮ (ಗುರು ಜಪಕ್ಕೆ ಕೊಡುವ ದೇವರ ಹೆಸರು) ಪಡೆದು ಜೀವನವಿಡೀ ಅದನ್ನೇ ಹಿಡಿದು ಕೂತರು. (ಮುಂಬೈಯ ಬೀಡಿ ಅಂಗಡಿಯ ನಿಸರ್ಗದತ್ತ ಮಹಾರಾಜರ ಗುರುಗಳೂ ಇದೇ ಇಂಚಗೇರಿ ಸಂಪ್ರದಾಯದವರು. ಅವರನ್ನು ಹುಡುಕಿಕೊಂಡು ವಿದೇಶದವರು ಬರುತ್ತಿದ್ದರು. ಇಂಚಗೇರಿ ಎಲ್ಲಿದೆ ಅಂತ ನಮ್ಮ ಜಿಲ್ಲೆಯವರಿಗೇ ಕೇಳಿ ನೋಡಿ.)

ಇಲ್ಲಿ ವಾದ ಕಡಿಮೆ. ನಾಮ ತಗೋಬೇಕು, ಅದನ್ನು ಯಾರಿಗೂ ಹೇಳಬಾರದು, ದಿನಾ ತಪ್ಪದೆ ನೇಮಕ್ಕೆ, ಅಂದರೆ ಆ ನಾಮದ ಧ್ಯಾನಕ್ಕೆ, ಕೂರಬೇಕು. ನನ್ನ ಪ್ರಶ್ನೆಗಳ ಪಟ್ಟಿ ಕೇಳಿದ ಹಿರಿಯರೊಬ್ಬರು, "ಮೊದಲ ಕೂಡ್ರಿ ಟೀಚರ, ಆಮ್ಯಾಲ ಕೇಳ್ರಿ" ಅಂದರು. ಪ್ರಯೋಗ ಮಾಡದೆ ಫಲಿತಾಂಶ ಕೇಳಬೇಡಿ ಅಂತ ನಾನೇ ಮಕ್ಕಳಿಗೆ ಹೇಳುತ್ತೇನೆ. ಬಾಯಿ ಮುಚ್ಚಿಕೊಂಡೆ. ಆದರೆ ನಾಮ ತಗೊಂಡರೆ ಅರ್ಧಂಬರ್ಧ ನಡೆಯುವುದಿಲ್ಲ. ಬೆಳಗ್ಗೆ ಡಬ್ಬಿ ಕಟ್ಟಿ, ನೀರು ತುಂಬಿಸಿ, ಪ್ರಾರ್ಥನೆಯ ಗಂಟೆಗೆ ಶಾಲೆ ಮುಟ್ಟುವ ಹೆಂಗಸಿಗೆ ಅಷ್ಟು ಹೊತ್ತು ಕೂರುವುದು ಕಷ್ಟ. ಗುರುವಿಗೆ ಮೊದಲೇ ಮಾತು ಕೊಡಲೂ ಮನಸ್ಸು ಒಪ್ಪಲಿಲ್ಲ. ಭಜನೆಗೆ ಕೂತೆ, ಸುಮ್ನೆ ಕಣ್ಣು ಮುಚ್ಚಿದೆ, ವಾಪಸ್ ಬಂದೆ. ಹಾಗಾಗಿ ನಿಂಬಾಳದ ಬಗ್ಗೆ ನನ್ನ ಮಾತನ್ನು ಅರ್ಧ ತೀರ್ಪು ಅಂತ ಓದಿಕೊಳ್ಳಿ. ನಿವೃತ್ತರಾದವರು, ತತ್ವಶಾಸ್ತ್ರದ ರುಚಿ ಇದ್ದವರು ಮೊದಲು ಅಲ್ಲಿಗೇ ಹೋಗಬೇಕು ಅಂತ ನನಗನಿಸುತ್ತದೆ.

ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೂ ಅವ್ವನ ಜೊತೆ ಹೋದೆ. ಪಡ್ಡಲಗಿ (ದೇವಿಯ ನೈವೇದ್ಯದ ಬುಟ್ಟಿ) ತುಂಬಿಸಿದೆವು, ಭಂಡಾರ ಹಚ್ಚಿಕೊಂಡೆವು. ಆ "ಉಧೋ ಉಧೋ" ಕೇಳಿ ಮೈ ಜುಮ್ಮೆಂದದ್ದು ನಿಜ. ಆದರೆ ಇದೇ ದೇವಿಯ ಹೆಸರಿನಲ್ಲಿ ಹುಡುಗಿಯರಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಬಿಡುತ್ತಿದ್ದರು, ಅದನ್ನು ತಡೆಯಲು 1982ರಲ್ಲಿ ಕಾಯ್ದೆಯೇ ಬರಬೇಕಾಯಿತು. ಆ ನೆನಪನ್ನು ದಾಟಿ ಮುಂದೆ ಹೋಗಲು ನನ್ನಿಂದ ಆಗಲಿಲ್ಲ. ಅಲ್ಲಿಗೆ ಹೋಗುವ ಹೆಂಗಸರ ಮೇಲೆ ನನಗೆ ಯಾವ ದೂರೂ ಇಲ್ಲ.

ಈಗ ಶ್ರೀಶೈಲದ ಪಾದಯಾತ್ರೆ. ಎಲ್ಲಕ್ಕಿಂತ ಜೋರಾಗಿ ಬಡಿದದ್ದು ಇದು.

ಯುಗಾದಿ ಹತ್ತಿರ ಬಂದರೆ ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯ ರಸ್ತೆಗಳಲ್ಲಿ ಹೆಗಲಿಗೆ ಜೋಳಿಗೆ ಹಾಕಿದ ಜನರ ಸಾಲು ಶುರುವಾಗುತ್ತದೆ. ಇಳಕಲ್, ಲಿಂಗಸೂಗೂರು, ರಾಯಚೂರು ದಾಟಿ ಆಂಧ್ರದ ನಲ್ಲಮಲ ಕಾಡಿಗೆ ಇಳಿಯುತ್ತಾರೆ. ಮುಂದೆ ಮಲ್ಲಯ್ಯನ, ಅಂದರೆ ಶ್ರೀಶೈಲದ ಮಲ್ಲಿಕಾರ್ಜುನನ, ಕಂಬಿ (ಹೆಗಲ ಮೇಲೆ ಹೊರುವ ಕಾವಡಿ). ಕೆಲವರು ಮರಗಾಲು ಕಟ್ಟಿಕೊಂಡೇ ನಡೆಯುತ್ತಾರೆ. ನಮ್ಮ ಕಡೆಯವರಿಗೆ ಭ್ರಮರಾಂಬೆ ಮನೆಮಗಳು, ಮಲ್ಲಯ್ಯ ಅಳಿಯ. ಮಗಳಿಗೆ ಸೀರೆ, ಕುಪ್ಪಸ ಒಯ್ಯುವವರಿದ್ದಾರೆ. ಅಕ್ಕ ಪ್ರತಿ ವರ್ಷ ಪೂರ್ತಿ ನಡೆಯುತ್ತಾಳೆ. ನನಗೆ ಅಷ್ಟು ರಜೆ ಎಲ್ಲಿ? ಆತ್ಮಕೂರಿನವರೆಗೆ ಗಾಡಿಯಲ್ಲಿ ಹೋಗಿ, ಕಾಡಿನ ದಾರಿಗೆ ಮಾತ್ರ ಅವಳ ಜೊತೆ ಸೇರಿಕೊಂಡೆ. ಇದನ್ನು ಪಾದಯಾತ್ರೆ ಅನ್ನಬಹುದೋ ಇಲ್ಲವೋ ಅಂತ ಅಕ್ಕ ಇನ್ನೂ ತಕರಾರು ಮಾಡುತ್ತಾಳೆ.

ಬಿಸಿಲು, ಕಲ್ಲು, ಭೀಮನ ಕೊಳ್ಳದ ಇಳಿಜಾರು, ಮತ್ತೆ ಕೈಲಾಸ ಬಾಗಿಲಿನವರೆಗೆ ಏರು. ದೇವರು ಇದ್ದಾನೋ ಇಲ್ಲವೋ ಅನ್ನುವ ಪ್ರಶ್ನೆಗೆ ಅಲ್ಲಿ ಉಸಿರೇ ಉಳಿಯುವುದಿಲ್ಲ. ಎಲ್ಲಿ ಕೂತರೂ ಯಾರೋ ಮಜ್ಜಿಗೆ ತರುತ್ತಾರೆ, ಕಲ್ಲಂಗಡಿ ಹೋಳು ಕೊಡುತ್ತಾರೆ, ರೊಟ್ಟಿ, ಗುಳಿಗೆ, ಬಿಸಿನೀರು ಕೊಡುತ್ತಾರೆ. ದುಡ್ಡು ಕೊಡಲು ಹೋದರೆ ಬೈಗುಳ. ಪಾದದಲ್ಲಿ ಗುಳ್ಳೆ ಎದ್ದು ಕೂತಿದ್ದಾಗ ಒಬ್ಬ ಮುದುಕಿ ನನ್ನ ಕಾಲು ಎಳೆದುಕೊಂಡು ಎಣ್ಣೆ ಹಚ್ಚತೊಡಗಿದಳು. ಅವ್ವನ ವಯಸ್ಸಿನವಳು. ಬೇಡ ಬೇಡ ಅಂದೆ. "ನಿನಗ ಯಾರ್ ಮಾಡಾಕತ್ತಾರ? ಮಲ್ಲಯ್ಯಗ ಮಾಡಾಕತ್ತೀನಿ, ಸುಮ್ನ ಕುಂದ್ರು" ಅಂದಳು.

ಇದಕ್ಕೆ ನನ್ನ ಹತ್ತಿರ ವಾದ ಇರಲಿಲ್ಲ. ಯಾರ ಹಂಗೂ ಇಲ್ಲದೆ ಬದುಕುತ್ತೇನೆ ಅನ್ನುವುದು ನನ್ನ ನಾಸ್ತಿಕತೆಯ ದೊಡ್ಡ ಹೆಮ್ಮೆಯಾಗಿತ್ತು. ದೇವರ ಹಂಗಿಲ್ಲ, ಜನರ ಹಂಗೂ ಇಲ್ಲ. ಅಲ್ಲಿ ಎರಡೂ ಒಟ್ಟಿಗೆ ಹೆಗಲೇರಿದವು, ಆದರೂ ಭಾರ ಅನಿಸಲಿಲ್ಲ. ನನ್ನೊಳಗೆ ಮೊದಲು ಅಲುಗಾಡಿದ್ದು ಈ ಹೆಮ್ಮೆ. ದೇವರ ವಿಷಯ ಎಷ್ಟೋ ಆಮೇಲೆ ಬಂತು.

ಆದರೂ ಇದನ್ನು ಮೊದಲ ಸ್ಥಾನದಲ್ಲಿ ಇಡಲಾರೆ. ಗರ್ಭಗುಡಿಯ ಮುಂದೆ ಸಿಕ್ಕಿದ್ದು ಒಂದು ಗಳಿಗೆ, ಅದೂ ನೂಕಾಟದಲ್ಲಿ. ಹುಲಿಗಳಿರುವ ಆ ಕಾಡಿನಲ್ಲಿ ನಮ್ಮವರು ಬಿಟ್ಟುಬಂದ ಪ್ಲಾಸ್ಟಿಕ್ ನೋಡಿದರೆ ಸಿಟ್ಟು ಬರುತ್ತದೆ. ಎಲ್ಲಕ್ಕಿಂತ ಮುಖ್ಯ, ಅದು ಬಾಳುವುದಿಲ್ಲ. ಕಾಲಿನ ಗುಳ್ಳೆ ಮಾಯುವಷ್ಟರಲ್ಲಿ ನಾನು ಹಳೇ ಟೀಚರ್ ಆಗಿದ್ದೆ. ಅಕ್ಕನಿಗೆ ವರ್ಷಕ್ಕೊಮ್ಮೆ ಸಾಕಾಗುತ್ತದೆ, ಯಾಕೆಂದರೆ ಅವಳು ನಂಬಿಕೆ ಬಿಟ್ಟವಳೇ ಅಲ್ಲ. ನನಗೆ ದಿನಾ ಏನಾದರೂ ಬೇಕಿತ್ತು.

ಹಾಗೆ ಕೊನೆಗೆ ಟ್ರಂಕಿನಲ್ಲಿದ್ದ ಲಿಂಗದ ಕರಡಿಗೆ (ಲಿಂಗ ಇಡುವ ಡಬ್ಬಿ) ಹೊರಗೆ ಬಂತು. ನಿಜ ಹೇಳಬೇಕೆಂದರೆ ನನಗೆ ಎಲ್ಲಕ್ಕಿಂತ ಬೇಡವಾಗಿದ್ದು ಇದೇ. ಲಿಂಗ ಅಂದರೆ ಜಾತಿ, ಮದುವೆ ಮಾತುಕತೆ, ಸಭೆ, ಮೆರವಣಿಗೆ. ಹೊಸದಾಗಿ ದೀಕ್ಷೆ ಪಡೆಯೋಣ ಅಂತ ಹೋದ ಒಂದು ಮಠದಲ್ಲಿ ಮೊದಲು ಕೇಳಿದ್ದೇ ಯಾವ ಒಳಪಂಗಡ ಅಂತ. ಎದ್ದು ಬಂದೆ. ಹಳೇ ಲಿಂಗವನ್ನೇ ತೊಳೆದು ಕಟ್ಟಿಕೊಂಡೆ. ಶಾಸ್ತ್ರ ಬಲ್ಲವರು ಒಪ್ಪಲಿಕ್ಕಿಲ್ಲ.

ಸ್ನಾನ, ವಿಭೂತಿ, ಎಡ ಅಂಗೈ ಮೇಲೆ ಲಿಂಗ, ಅದರ ಮೇಲೆ ನೆಟ್ಟ ನೋಟ. ಕುಕ್ಕರ್ ಕೂಗುವುದರೊಳಗೆ ಮುಗಿಯುತ್ತದೆ. ಕ್ಯೂ ಇಲ್ಲ, ಹುಂಡಿ ಇಲ್ಲ, ನಡುವೆ ಯಾರೂ ಇಲ್ಲ. ಇನ್ನೊಂದು ಮಾತು ನನ್ನಂಥ ಹೆಂಗಸರಿಗೆ ಮುಖ್ಯ. ಶರಣರು ಐದು ಸೂತಕಗಳನ್ನು ತಳ್ಳಿಹಾಕಿದವರು, ಅದರಲ್ಲಿ ಮುಟ್ಟಿನ ಸೂತಕವೂ ಒಂದು. ಆ ದಿನಗಳಲ್ಲೂ ಲಿಂಗ ಮುಟ್ಟಬಹುದು, ಪೂಜೆ ಮಾಡಬಹುದು. ಹೀಗಂತ ಹೇಳಿದರೆ ಅವ್ವ ಒಪ್ಪುತ್ತಾಳೆಯೇ? "ಶರಣರು ಹೇಳ್ಯಾರ ಖರೆ. ನಮ್ಮ ಅತ್ತಿ ಹೇಳಿಲ್ಲ" ಅಂದಳು. ಆ ದಿನಗಳಲ್ಲಿ ನಾನು ದೇವರ ಜಗಲಿಯ ಮುಂದೆ ಕೂತರೆ ಅವಳು ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡುತ್ತಾಳೆ.

ಮೊದಮೊದಲು ಇದು ನನಗೆ ಕಣ್ಣಿನ ವ್ಯಾಯಾಮ ಮಾತ್ರ. ಉಬ್ಬಿದ ಕರಿ ಮೈಯಲ್ಲಿ ದೀಪದ ಬಿಂಬ ಯಾಕೆ ಸಣ್ಣದಾಗಿ ಕಾಣುತ್ತದೆ ಅಂತ ಹತ್ತನೇ ಕ್ಲಾಸಿಗೆ ಪಾಠ ಮಾಡುವವಳು ನಾನು. ರೆಪ್ಪೆ ಬಡಿಯದೆ ನೋಡಿದಾಗ ಸುತ್ತ ಕಾಣುವ ಬೆಳಕಿನ ಬಳೆ ದಣಿದ ಕಣ್ಣಿನ ಕೆಲಸ ಅನ್ನುವುದೂ ಗೊತ್ತು. ಗೊತ್ತಿದ್ದೇ ಕೂರುತ್ತೇನೆ. ಪ್ರವಚನದಲ್ಲಿ ನನ್ನ ಅನುಮಾನಕ್ಕೆ ಉತ್ತರ ಕೇಳುತ್ತಿದ್ದೆ, ಕಾಡಿನಲ್ಲಿ ಅದು ದಣಿವಿಗೆ ಬಾಯಿ ಮುಚ್ಚಿತ್ತು. ಇಲ್ಲಿ ಅದು ಪಕ್ಕದಲ್ಲೇ ಕೂರುತ್ತದೆ, ಯಾರೂ ಎಬ್ಬಿಸುವುದಿಲ್ಲ. ಹೀಗೆ ಕೂರುತ್ತಾ ಕೂರುತ್ತಾ ಯಾವಾಗಲೋ ನಾನು ಒಳಗೊಳಗೇ ಯಾರಿಗೋ ವರದಿ ಒಪ್ಪಿಸತೊಡಗಿದ್ದೆ. ನಿನ್ನೆ ಹೀಗಾಯ್ತು, ಆ ಹುಡುಗನಿಗೆ ಜಾಸ್ತಿ ಬೈದೆ, ಇವತ್ತು ಇಷ್ಟು ಮಾಡಬೇಕು. ಕೇಳಿಸಿಕೊಳ್ಳುವವರು ಇದ್ದಾರೆ ಅಂತ ಎಂದಿನಿಂದ ಅನಿಸತೊಡಗಿತು ಅಂತ ಹೇಳಲಾರೆ. ಈಗ ಅನಿಸುತ್ತದೆ.

ಬೇರೆಯವರು ಕೇಳಿದರೆ ನಾನು ಹೇಳುವುದು ಇಷ್ಟು. ಓದಿನ ಜೋರಿನಿಂದ ನಾಸ್ತಿಕರಾದವರು ಪ್ರವಚನದಿಂದ ಶುರು ಮಾಡಲಿ, ಆದರೆ ಅಲ್ಲೇ ನಿಲ್ಲದಿರಲಿ. ಜನರ ಮೇಲೆ ಸಿಟ್ಟಿನಿಂದ ನಾಸ್ತಿಕರಾದವರು ಒಮ್ಮೆ ಕಾಡು ನಡೆದು ಬರಲಿ. ಹೊತ್ತು ಇದ್ದವರಿಗೆ ನಿಂಬಾಳ. ಹೊತ್ತು ಇಲ್ಲದವರಿಗೆ, ಅದರಲ್ಲೂ ಹೆಂಗಸರಿಗೆ, ಅಂಗೈ ಮೇಲಿನ ಲಿಂಗ.

ಪುನರ್ಜನ್ಮವನ್ನು ನಾನು ಇನ್ನೂ ಒಪ್ಪಿಲ್ಲ. ಜ್ಯೋತಿಷ್ಯ, ವಾಸ್ತು ಮೊದಲಿನಿಂದಲೂ ಇಲ್ಲ. ಮುಂದಿನ ಯುಗಾದಿಗೆ ಪೂರ್ತಿ ದಾರಿ ನಡೆಯಬೇಕು ಅಂತ ಅಕ್ಕ ಈಗಲೇ ಹಟ ಹಿಡಿದಿದ್ದಾಳೆ. ಎಸ್ಸೆಸ್ಸೆಲ್ಸಿ ಟೈಮ್‌ಟೇಬಲ್ ಬರಲಿ, ನೋಡಿ ಹೇಳ್ತೀನಿ ಅಂದಿದ್ದೇನೆ.